ಒಂಟಿಯಾಗಿ ನಿಲ್ಲುವ ಉಕ್ಕಿನ ಕಂಬ: ಬಿರುಗಾಳಿಯ ಲೆಕ್ಕ, ಬುಡದ ಲೆಕ್ಕ

ನಾನು ಆದೋನಿ ಸೀಮೆಯವನು, ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ಪುಸ್ತಕದಲ್ಲಿ ಇಂಗ್ಲಿಷು, ಸೈಟಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಹಾಗಾಗಿ ಇಲ್ಲಿ ಬಳಸುವ ಮಾತುಗಳು ಮೂರೂ ಕಡೆಯಿಂದ ಬಂದಿರುತ್ತವೆ, ಸಹಿಸಿಕೊಳ್ಳಿ.

ಇವತ್ತಿನ ವಿಷಯ, ಯಾವ ಆಸರೆಯೂ ಇಲ್ಲದೆ ನಿಂತ ಉಕ್ಕಿನ ಕಂಬ ಅತಿಯಾದ ಗಾಳಿಯನ್ನು ತಡೆಯುವಂತೆ ಹೇಗೆ ವಿನ್ಯಾಸ ಮಾಡುತ್ತಾರೆ ಎಂಬುದು. ಬೀದಿ ದೀಪದ ಕಂಬ, ಚೌಕದ ಹೈಮಾಸ್ಟ್, ಮೊಬೈಲ್ ಕಂಪನಿಯ ಒಂಟಿ ಕಂಬ, ಎತ್ತರದ ಧ್ವಜಸ್ತಂಭ, ಒಂದೇ ಕಾಲಿನ ಜಾಹೀರಾತು ಫಲಕ ಎಲ್ಲವೂ ಈ ಜಾತಿಯವೇ. ನಮ್ಮ ಅನಂತಪುರ ಜಿಲ್ಲೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ಕಂಬವೂ ಇದೇ ಕುಲ.

1. ಒಂಟಿ ಕಂಬಕ್ಕೆ ಎರಡನೇ ದಾರಿ ಇಲ್ಲ

ಮನೆಯ ಒಂದು ಕಂಬ ಸೋತರೆ ಪಕ್ಕದ ಗೋಡೆ, ತೊಲೆ ಸ್ವಲ್ಪ ಭಾರ ಹಂಚಿಕೊಳ್ಳುತ್ತವೆ. ಹಗ್ಗ ಬಿಗಿದ ಕಂಬಕ್ಕೆ ಹಗ್ಗಗಳ ಆಸರೆ ಇದೆ. ಒಂಟಿ ಕಂಬಕ್ಕೆ ಅದ್ಯಾವುದೂ ಇಲ್ಲ. ಗಾಳಿ ತುದಿಯಲ್ಲಿ ಎಷ್ಟು ತಳ್ಳಿದರೂ ಆ ಬಲ ಕಂಬದುದ್ದಕ್ಕೂ ಇಳಿದು ಬುಡಕ್ಕೇ ಬರಬೇಕು. ಬುಡದಲ್ಲಿ ಬೆಸುಗೆ, ಬೇಸ್ ಪ್ಲೇಟ್, ಆಂಕರ್ ಬೋಲ್ಟು, ಕಾಂಕ್ರೀಟ್, ಮಣ್ಣು ಇವು ಸರಪಳಿಯ ಕೊಂಡಿಗಳ ಹಾಗೆ. ಒಂದು ಕೊಂಡಿ ಬಿಟ್ಟರೆ ಇಡೀ ಕಂಬ ನೆಲಕ್ಕೆ.

ಸೊಲ್ಲಾಪುರದ ಗೆಳೆಯರಿಗೆ ಸಿದ್ಧೇಶ್ವರ ಜಾತ್ರೆಯ ನಂದಿಧ್ವಜ ಗೊತ್ತಿರುತ್ತದೆ. ಅಷ್ಟೆತ್ತರದ ಕೋಲನ್ನು ನೆಟ್ಟಗೆ ಹೊತ್ತು ನಡೆಯುವವನು ತುದಿ ಎತ್ತ ವಾಲಿತೋ ಅತ್ತ ಬುಡವನ್ನು ಸರಿಸುತ್ತಾನೆ, ಅದರಿಂದಲೇ ಸಮತೋಲ. ನೆಲದಲ್ಲಿ ಹೂತ ಕಂಬಕ್ಕೆ ಬುಡ ಸರಿಸುವ ಅನುಕೂಲ ಇಲ್ಲ. ತುದಿ ವಾಲಿದಷ್ಟನ್ನೂ ಅದು ಬಾಗಿಯೇ ತಡೆದುಕೊಳ್ಳಬೇಕು.

2. ನಕ್ಷೆಯ ಸಂಖ್ಯೆ ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಗಾಳಿಯ ಹೊರೆಗೆ ಆಧಾರ ಐಎಸ್ 875ರ ಮೂರನೇ ಭಾಗ, ಈಗ ಬಳಕೆಯಲ್ಲಿರುವುದು 2015ರ ಆವೃತ್ತಿ. ಅದರ ನಕ್ಷೆ ದೇಶವನ್ನು ಆರು ಗಾಳಿ ವಲಯಗಳಾಗಿ ಹಂಚುತ್ತದೆ: ಸೆಕೆಂಡಿಗೆ 33, 39, 44, 47, 50 ಮತ್ತು 55 ಮೀಟರ್. ಇದು ಸರಾಸರಿ ಗಾಳಿಯ ವೇಗ ಅಲ್ಲ. ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, 3 ಸೆಕೆಂಡ್ ಬೀಸುವ ರಭಸದ ವೇಗ.

ಗೋಷ್ಠಿಯಲ್ಲಿ ಇರುವವರ ಊರುಗಳ ಆಸುಪಾಸು ನೋಡೋಣ. ಬೆಂಗಳೂರು, ಮೈಸೂರಿಗೆ 33. ಮಂಗಳೂರು, ಪಣಜಿ, ಕರ್ನೂಲಿಗೆ 39. ಹೈದರಾಬಾದು, ಮುಂಬಯಿಗೆ 44. ಚೆನ್ನೈ, ವಿಜಯವಾಡಕ್ಕೆ 50. ಅಂಕಿ ನೋಡಿದರೆ ಅಂಥಾ ಭಾರೀ ವ್ಯತ್ಯಾಸ ಏನಿಲ್ಲ ಅನ್ನಿಸುತ್ತದೆ. ಆದರೆ ಒತ್ತಡ ವೇಗದ ವರ್ಗದಂತೆ ಏರುತ್ತದೆ. ವೇಗವನ್ನು ಮೀಟರ್-ಸೆಕೆಂಡಿನಲ್ಲಿ ಇಟ್ಟು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂದು ಸಿಗುತ್ತದೆ. ಬೆಂಗಳೂರಿಗೆ 653, ಕರ್ನೂಲಿಗೆ 913, ಹೈದರಾಬಾದಿಗೆ 1162, ಚೆನ್ನೈಗೆ 1500.

ಅಂದರೆ ಬೆಂಗಳೂರಿಗೆಂದು ಬರೆದ ಕಂಬದ ನಕಾಶೆಯನ್ನು ಹಾಗೇ ಕರ್ನೂಲಿಗೆ ತಂದರೆ ಹೊರೆ 1.4 ಪಟ್ಟು, ಹೈದರಾಬಾದಿಗೆ ಒಯ್ದರೆ ಸುಮಾರು 1.8 ಪಟ್ಟು, ಚೆನ್ನೈಗೆ ಒಯ್ದರೆ 2.3 ಪಟ್ಟು. ಗಡಿಯ ಊರುಗಳಲ್ಲಿ ಕಂಬ ಒಂದು ರಾಜ್ಯದಿಂದ ಬರುತ್ತದೆ, ಗುತ್ತಿಗೆದಾರ ಇನ್ನೊಂದು ರಾಜ್ಯದವನು, ನಕಾಶೆ ಎಲ್ಲಿಯದೋ. ಆದ್ದರಿಂದ ನಕಾಶೆಯ ಮೂಲೆಯಲ್ಲಿ ಬರೆದ ಗಾಳಿಯ ವೇಗವನ್ನು ಮೊದಲು ಓದಬೇಕು, ಕಂಬದ ಎತ್ತರ, ದಪ್ಪ ಆಮೇಲೆ.

ನಕ್ಷೆಯ ವೇಗಕ್ಕೆ ನಾಲ್ಕು ಗುಣಕಗಳು ಸೇರುತ್ತವೆ: ಕಟ್ಟಡ ಎಷ್ಟು ವರ್ಷ ಬಾಳಬೇಕು, ಸುತ್ತಲ ನೆಲ ಬಯಲೋ ಊರೋ ಮತ್ತು ಎತ್ತರ ಎಷ್ಟು, ಗುಡ್ಡದ ನೆತ್ತಿಯೋ, ಚಂಡಮಾರುತದ ಕರಾವಳಿಯೋ. ಕೊನೆಯದು ಪೂರ್ವ ಕರಾವಳಿ ಮತ್ತು ಗುಜರಾತ್ ಕರಾವಳಿಯ ಪಟ್ಟಿಗೆ ಸೇರಿದ್ದು. ಚಂಡಮಾರುತ ಹೋದ ಮೇಲೂ ಕೆಲಸಕ್ಕೆ ಬೇಕಾದ ಸಂಪರ್ಕ ಗೋಪುರದಂಥವಕ್ಕೆ ಅಲ್ಲಿ ಗುಣಕ 1.30. ವರ್ಗ ಮಾಡಿದರೆ ಹೊರೆ 1.69 ಪಟ್ಟು.

ಇನ್ನೊಂದು ಮಾತು. ‘50 ವರ್ಷಕ್ಕೊಮ್ಮೆ ಬರುವ ಗಾಳಿ’ ಅಂದ ಕೂಡಲೇ ‘ಇನ್ನೂ ಐವತ್ತು ವರ್ಷ ಚಿಂತೆಯಿಲ್ಲ’ ಎಂದು ಕೇಳಿಸುತ್ತದೆ. ಅದರ ಅರ್ಥ ಪ್ರತಿ ವರ್ಷವೂ ಆ ವೇಗ ಮೀರುವ ಸಾಧ್ಯತೆ ನೂರಕ್ಕೆ ಎರಡು ಎಂದು. ಐವತ್ತು ವರ್ಷ ನಿಂತ ಕಂಬ ಅದನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ನೂರಕ್ಕೆ 64. ಹಾಗಾಗಿ ಈ ವೇಗದ ಮೇಲೆ ಹೊರೆಯನ್ನು ಮತ್ತೆ 1.5ರಿಂದ ಗುಣಿಸಿ, ಉಕ್ಕಿನ ಬಲವನ್ನು 1.1ರಿಂದ ಭಾಗಿಸಿ ನೋಡುತ್ತೇವೆ.

3. ಒಂದು ಕಂಬದ ಲೆಕ್ಕ

ಲೆಕ್ಕ ಕಣ್ಣಿಗೆ ಕಾಣಲಿ ಎಂದು ಒಂದು ಸಾದಾ ಉದಾಹರಣೆ. ಕರ್ನೂಲಿನ 39ರ ವಲಯ, ಬಯಲು ಜಾಗ. 10 ಮೀಟರ್ ಎತ್ತರದ ದುಂಡು ಕಂಬ, ಬುಡದಲ್ಲಿ 200 ಮಿಲಿಮೀಟರ್ ಅಗಲ, ತುದಿಯಲ್ಲಿ 100, ತಗಡಿನ ದಪ್ಪ 3 ಮಿಲಿಮೀಟರ್. ತುದಿಯಲ್ಲಿ ಎರಡು ದೀಪ, ಎರಡೂ ಸೇರಿ ಗಾಳಿಗೆ ಒಡ್ಡುವ ಮೈ 0.3 ಚದರ ಮೀಟರ್.

ಕಂಬದ ಮೈ 1.5 ಚದರ ಮೀಟರ್. ದುಂಡು ಮೈಗೆ ಬಲದ ಗುಣಾಂಕ 1.2 ಹಿಡಿದರೆ ಗಾಳಿಯ ತಳ್ಳು ಸುಮಾರು 1640 ನ್ಯೂಟನ್. ಬುಡ ಅಗಲವಾಗಿರುವುದರಿಂದ ಈ ಬಲದ ನಡು ಐದು ಮೀಟರಿನಲ್ಲಿ ಇಲ್ಲ, 4.4 ಮೀಟರಿನಲ್ಲಿದೆ. ಬುಡದಲ್ಲಿ ಬಾಗಿಸುವ ಮೊಮೆಂಟ್ 7.3 ಕಿಲೋನ್ಯೂಟನ್-ಮೀಟರ್. ದೀಪಗಳ ತಳ್ಳು ಬರೀ 274 ನ್ಯೂಟನ್, ಆದರೆ 10 ಮೀಟರ್ ಮೇಲಿರುವುದರಿಂದ 2.7. ಒಟ್ಟು 10. ಬುಡದಲ್ಲಿ ಉಕ್ಕಿನ ಮೇಲೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 110 ನ್ಯೂಟನ್. ಸಾಮಾನ್ಯ ಉಕ್ಕು 250ರಲ್ಲಿ ಇಳುವರಿ ಕೊಡುತ್ತದೆ, ಅಂದರೆ ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. 1.5ರಿಂದ ಗುಣಿಸಿದರೂ 165. ಕಂಬ ಪಾಸು.

ಈಗ ಹಬ್ಬ ಬರುತ್ತದೆ, ಇಲ್ಲಾ ಚುನಾವಣೆ. ಯಾರೋ ಆ ಕಂಬಕ್ಕೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಫ್ಲೆಕ್ಸನ್ನು ಚೌಕಟ್ಟಿನ ಸಮೇತ ಐದು ಮೀಟರ್ ಎತ್ತರದಲ್ಲಿ ತಂತಿಯಿಂದ ಬಿಗಿಯುತ್ತಾರೆ. ಮೈ 2.88 ಚದರ ಮೀಟರ್, ಅಂದರೆ ಕಂಬದ ಮೈಯ ಹತ್ತಿರ ಹತ್ತಿರ ಎರಡು ಪಟ್ಟು. ಅದೇ ಗಾಳಿಗೆ ತಳ್ಳು 3150 ನ್ಯೂಟನ್, ಬುಡದಲ್ಲಿ 15.8 ಕಿಲೋನ್ಯೂಟನ್-ಮೀಟರ್. ಒಟ್ಟು 10 ಇದ್ದದ್ದು 25.8 ಆಯಿತು. ಉಕ್ಕಿನ ಒತ್ತಡ 280 ದಾಟಿತು. ಗುಣಿಸುವ ಮೊದಲೇ ಕಂಬ ಫೇಲು.

ಇದರಲ್ಲಿ ಕಂಬ ಮಾಡಿದವನ ತಪ್ಪಿಲ್ಲ, ನಕಾಶೆ ಬರೆದವನ ತಪ್ಪೂ ಇಲ್ಲ. ಫ್ಲೆಕ್ಸು ಕಟ್ಟಿದವನಿಗೆ ಅದು ಐದು ಕಿಲೋ ಬಟ್ಟೆ. ಅವನು ತೂಕ ನೋಡುತ್ತಾನೆ, ಗಾಳಿ ಅಗಲ ನೋಡುತ್ತದೆ.

4. ಮಣ್ಣು ಮತ್ತು ಮೇ ತಿಂಗಳು

ಉಕ್ಕಿಗಿಂತ ಮೊದಲು ಬುನಾದಿ ಸೋಲುವುದೂ ಉಂಟು. ಮೇಲಿನ ಕಂಬಕ್ಕೆ ಒಂದು ಮೀಟರ್ ಚೌಕದ, ಒಂದೂವರೆ ಮೀಟರ್ ಆಳದ ಕಾಂಕ್ರೀಟ್ ಕಟ್ಟೆ ಹಾಕಿದ್ದೇವೆ ಅನ್ನಿ. ಕಂಬವೂ ಸೇರಿ ತೂಕ ಸುಮಾರು 37 ಕಿಲೋನ್ಯೂಟನ್. ಅಂಚಿನ ಮೇಲೆ ಮಗುಚುವುದನ್ನು ಈ ತೂಕ ತಡೆಯುವ ಶಕ್ತಿ 18.6 ಕಿಲೋನ್ಯೂಟನ್-ಮೀಟರ್. ಕಟ್ಟೆಯ ತಳಕ್ಕೆ ಲೆಕ್ಕ ಹಾಕಿದರೆ ಗಾಳಿ ಮಗುಚುವ ಶಕ್ತಿ 12.9. ಅಂತರ ಸಾಕು. ಫ್ಲೆಕ್ಸ್ ಸೇರಿದರೆ ಅದು 33.4 ಆಗುತ್ತದೆ. ಸೆಕೆಂಡಿಗೆ 39 ಮೀಟರ್ ಅಂದರೆ ಗಂಟೆಗೆ 140 ಕಿಲೋಮೀಟರ್ ತಡೆಯಬೇಕಿದ್ದ ಕಂಬ, ತನ್ನ ತೂಕವನ್ನೇ ನಂಬಿ ನಿಂತರೆ, 105ಕ್ಕೇ ಬುಡ ಎತ್ತುತ್ತದೆ.

‘ಸುತ್ತಲ ಮಣ್ಣು ಹಿಡಿದುಕೊಳ್ಳೋದಿಲ್ವಾ?’ ಅಂತ ಕೇಳಬಹುದು. ಹಿಡಿಯುತ್ತದೆ, ಗಟ್ಟಿ ಮಣ್ಣಾದರೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಏಪ್ರಿಲ್-ಮೇ ಹೊತ್ತಿಗೆ ಕಾಂಕ್ರೀಟಿಗೂ ಮಣ್ಣಿಗೂ ನಡುವೆ ಸಂದು ಬಿಟ್ಟಿರುತ್ತದೆ. ಗುಡುಗು-ಸಿಡಿಲಿನ ಜೊತೆ ದೂಳೆಬ್ಬಿಸುವ ಬಿರುಗಾಳಿ ಬರುವುದೂ ಅದೇ ಹೊತ್ತಿಗೆ. ಮಣ್ಣು ಅತಿ ಸಡಿಲ ಇರುವ ತಿಂಗಳು, ಗಾಳಿ ಅತಿ ಜೋರಿರುವ ತಿಂಗಳು ಎರಡೂ ಒಂದೇ ಆಗುತ್ತವೆ. ಅದಕ್ಕೇ ಎರೆ ನೆಲದಲ್ಲಿ ಮೇಲಿನ ಪದರದ ಮಣ್ಣಿನ ಆಸರೆಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಮೇಲು. ಬಿರಿಯುವ ಪದರ ದಾಟಿ ಆಳಕ್ಕೆ ಹೋಗಬೇಕು, ಇಲ್ಲವೇ ಕಟ್ಟೆಯ ತಳ ಅಗಲಿಸಬೇಕು.

ಗುಡುಗುಮಳೆಯ ಗಾಳಿಯ ಸ್ವಭಾವವೇ ಬೇರೆ. ಸಾಮಾನ್ಯ ಬಿರುಗಾಳಿ ಎತ್ತರ ಹೋದಂತೆ ಜೋರಾಗುತ್ತದೆ, ಸಂಹಿತೆಯ ಎತ್ತರದ ಗುಣಕ ಅದನ್ನೇ ಅನುಸರಿಸುತ್ತದೆ. ಮೋಡದಿಂದ ತಣ್ಣನೆ ಗಾಳಿ ದಬಕ್ಕನೆ ನೆಲಕ್ಕಿಳಿದು ನಾಲ್ಕೂ ಕಡೆ ಚೆಲ್ಲುವಾಗ ಗರಿಷ್ಠ ವೇಗ ನೆಲದ ಸಮೀಪವೇ ಇರಬಹುದು. ಇದನ್ನು ಮೊದಲು ಗುರುತಿಸಿ ವಿವರಿಸಿದವರು ಶಿಕಾಗೊ ವಿಶ್ವವಿದ್ಯಾಲಯದ ಟೆಟ್ಸುಯಾ ಫುಜಿಟಾ, 1975ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಮಾನ ಅಪಘಾತದ ತನಿಖೆಯ ಹಿನ್ನೆಲೆಯಲ್ಲಿ. ಗಿಡ್ಡ ಕಂಬ ಅಂದ ಮಾತ್ರಕ್ಕೆ ಅದು ಗಾಳಿಯಿಂದ ತಪ್ಪಿಸಿಕೊಂಡಿತು ಎನ್ನುವಂತಿಲ್ಲ.

5. ಜೋರು ಗಾಳಿಯಷ್ಟೇ ಅಲ್ಲ, ಮಂದ ಗಾಳಿಯೂ

ದುಂಡು ಕಂಬದ ಹಿಂದೆ ಗಾಳಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿಗಳನ್ನು ಬಿಡುತ್ತಾ ಹೋಗುತ್ತದೆ. ಪ್ರತಿ ಸುಳಿಯೂ ಕಂಬವನ್ನು ಅಡ್ಡಕ್ಕೆ ಎಳೆಯುತ್ತದೆ. ಸೆಕೆಂಡಿಗೆ ಎಷ್ಟು ಸುಳಿ ಎಂಬುದು ವೇಗವನ್ನು ಕಂಬದ ಅಗಲದಿಂದ ಭಾಗಿಸಿ 0.2ರಿಂದ ಗುಣಿಸಿದಷ್ಟು. ಈ 0.2 ಸ್ಟ್ರೌಹಾಲ್ ಸಂಖ್ಯೆ. ಈ ಎಣಿಕೆ ಕಂಬದ ಸ್ವಂತ ಕಂಪನಕ್ಕೆ ಸರಿಹೊಂದಿದರೆ ಕಂಬ ತೂಗತೊಡಗುತ್ತದೆ, ತೊಟ್ಟಿಲನ್ನು ಹದವಾದ ಹೊತ್ತಿಗೆ ತಳ್ಳಿದ ಹಾಗೆ.

ನಮ್ಮ ಹತ್ತು ಮೀಟರಿನ ಕಂಬದ ಮೊದಲ ಕಂಪನ ಸೆಕೆಂಡಿಗೆ ಸುಮಾರು ಒಂದೂವರೆ. ಅದಕ್ಕೆ ಹೊಂದುವ ಗಾಳಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು, ಎಲೆ ಅಲುಗಿಸುವಷ್ಟು. ಅದರಲ್ಲಿ ಕಂಬ ತೂಗಿಸುವ ಕಸುವಿಲ್ಲ. ಎರಡನೇ ಕಂಪನ, ಅಂದರೆ ಕಂಬದ ನಡು ಒಂದು ಕಡೆ ಬಾಗಿ ತುದಿ ಇನ್ನೊಂದು ಕಡೆ ಬಾಗುವ ರೀತಿ, ಸೆಕೆಂಡಿಗೆ ಎಂಟರ ಸುತ್ತ. ಅದಕ್ಕೆ ಹೊಂದುವ ಗಾಳಿ ಸೆಕೆಂಡಿಗೆ ಆರು ಮೀಟರ್, ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್. ಇದು ಬಿರುಗಾಳಿ ಅಲ್ಲ, ಮುಂಗಾರಿನಲ್ಲಿ ದಿನವಿಡೀ ಒಂದೇ ಸಮನೆ ಬೀಸುವ ಗಾಳಿ. ಸೆಕೆಂಡಿಗೆ ಎಂಟು ಸಲ ಅಂದರೆ ಗಂಟೆಗೆ 28,800 ಸಲ. ದಿನಕ್ಕೆ ಹತ್ತು ಗಂಟೆ ಬೀಸಿದರೆ ಒಂದು ವಾರದಲ್ಲಿ 20 ಲಕ್ಷ ಸಲ.

ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಮುರಿಯುತ್ತದಲ್ಲ, ಉಕ್ಕೂ ಹಾಗೆಯೇ ದಣಿಯುತ್ತದೆ. ಆ ದಣಿವು ಮೊದಲು ಕಾಣುವುದು ಬೇಸ್ ಪ್ಲೇಟಿಗೆ ಕಂಬ ಕೂಡುವ ಬೆಸುಗೆಯ ಅಂಚಿನಲ್ಲಿ ಮತ್ತು ವೈರು ಜೋಡಿಸಲು ಬುಡದಲ್ಲಿ ಕತ್ತರಿಸಿದ ಕಿಂಡಿಯ ಮೂಲೆಯಲ್ಲಿ. ಅಮೆರಿಕದ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ 2003ರ ನವೆಂಬರಿನಲ್ಲಿ ಹೆದ್ದಾರಿ ಪಕ್ಕದ, ಸುಮಾರು 43 ಮೀಟರ್ ಎತ್ತರದ ಹೈಮಾಸ್ಟ್ ಬಿತ್ತು. ಅಂದು ಬೀಸಿದ್ದು ಚಂಡಮಾರುತ ಅಲ್ಲ. ಬುಡದಲ್ಲಿ ಬಿರುಕು ಮೊದಲೇ ಬೆಳೆದಿತ್ತು. ಆ ಮೇಲೆ ಅಲ್ಲಿ ಉಳಿದ ಹೈಮಾಸ್ಟುಗಳನ್ನೂ ಪರೀಕ್ಷಿಸಿ, ತೆಳು ಬೇಸ್ ಪ್ಲೇಟು ಮತ್ತು ಬುಡದ ಬೆಸುಗೆಯ ವಿನ್ಯಾಸದ ಬಗ್ಗೆ ಗಂಭೀರ ಅಧ್ಯಯನಗಳು ನಡೆದವು.

ಇದಕ್ಕೆ ಮದ್ದೂ ಇದೆ. ಕಂಬ ತುದಿಗೆ ಸಣ್ಣದಾಗುತ್ತಾ ಹೋದರೆ ಎಲ್ಲ ಎತ್ತರದಲ್ಲೂ ಸುಳಿಗಳು ಒಂದೇ ತಾಳದಲ್ಲಿ ಬೀಳುವುದಿಲ್ಲ. ಉದ್ದನೆಯ ಚಿಮಣಿಗಳಿಗೆ ಸುತ್ತಿದ ತಿರುಪಿನಂಥ ಪಟ್ಟಿಯ ಕೆಲಸವೂ ಸುಳಿಗಳ ಒಗ್ಗಟ್ಟು ಮುರಿಯುವುದೇ. ಅದನ್ನು 1950ರ ದಶಕದಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಸ್ಕ್ರೂಟನ್ ಮತ್ತು ವಾಲ್ಶ್ ರೂಪಿಸಿದರು. ಬೇಸ್ ಪ್ಲೇಟ್ ದಪ್ಪಗಿರಬೇಕು, ಕಿಂಡಿಯ ಮೂಲೆ ದುಂಡಗಿರಬೇಕು, ಬೋಲ್ಟಿನ ನಟ್ಟುಗಳು ಸಮವಾಗಿ ಬಿಗಿದಿರಬೇಕು.

6. ಎರಡು ಪಾಠಗಳು: ಇಚಿಹಾರಾ ಮತ್ತು ಘಾಟಕೋಪರ್

2019ರ ಸೆಪ್ಟೆಂಬರ್ 9ರಂದು ಜಪಾನಿನ ಚಿಬಾ ಪ್ರಾಂತ್ಯಕ್ಕೆ ಫಾಕ್ಸಾಯ್ ಚಂಡಮಾರುತ ಅಪ್ಪಳಿಸಿತು. ಚಿಬಾ ನಗರದಲ್ಲಿ ಅಳೆದ ರಭಸ ಸೆಕೆಂಡಿಗೆ 57.5 ಮೀಟರ್. ಇಚಿಹಾರಾದಲ್ಲಿ ಗಾಲ್ಫ್ ಅಭ್ಯಾಸದ ಅಂಗಳದ ಸುತ್ತ ಚೆಂಡು ತಡೆಯಲು ಬಲೆ ಹಿಡಿದಿದ್ದ ಉಕ್ಕಿನ ಕಂಬಗಳ ಸಾಲು ಪಕ್ಕದ ಮನೆಗಳ ಮೇಲೆ ಒರಗಿತು. ಬಲೆಯನ್ನು ಇಳಿಸಿರಲಿಲ್ಲ. ಬಲೆ ಅಂದರೆ ತೂತುಗಳೇ ಹೆಚ್ಚು, ಗಾಳಿ ಹಾದುಹೋಗುತ್ತದೆ ಅನ್ನಿಸುತ್ತದೆ. ಆದರೆ ಸಾವಿರಾರು ಚದರ ಮೀಟರಿನಲ್ಲಿ ನೂಲು ನೂಲೂ ಸೇರಿ ದೊಡ್ಡ ತಳ್ಳು ಆಗುತ್ತದೆ. ಇಂಥ ಕಡೆ ಸುರಕ್ಷತೆಯ ಅರ್ಧ ಕೆಲಸ ಉಕ್ಕಿನದು, ಇನ್ನರ್ಧ ಹೊತ್ತಿಗೆ ಸರಿಯಾಗಿ ಬಲೆ ಇಳಿಸುವವರದು.

ಎರಡನೆಯದು ನಮ್ಮ ದೇಶದ್ದೇ. 2024ರ ಮೇ 13ರಂದು ಮುಂಬಯಿಯ ಘಾಟಕೋಪರಿನಲ್ಲಿ ದೂಳಿನ ಬಿರುಗಾಳಿಗೆ ಭಾರೀ ಜಾಹೀರಾತು ಫಲಕ ಪೆಟ್ರೋಲ್ ಪಂಪಿನ ಮೇಲೆ ಬಿದ್ದು 17 ಮಂದಿ ಸತ್ತರು. ಫಲಕ 120 ಅಡಿ ಚೌಕ, ನಿಯಮದಲ್ಲಿ ಇದ್ದದ್ದು 40 ಅಡಿ ಚೌಕ. ಬದಿಗಳು ಮೂರು ಪಟ್ಟು, ಮೈ ಒಂಬತ್ತು ಪಟ್ಟು. ಮುಂಬಯಿಯ ನಕ್ಷೆಯ ವೇಗ 44, ಅಂದರೆ ಗಂಟೆಗೆ 158 ಕಿಲೋಮೀಟರ್. ಅಂದು ವರದಿಯಾದ ವೇಗ 87. ವರ್ಗದ ಲೆಕ್ಕ ಹಾಕಿದರೆ ಆ ಗಾಳಿ ತಂದದ್ದು ವಿನ್ಯಾಸಕ್ಕೆ ಹಿಡಿಯಬೇಕಾದ ಬಲದ ನೂರಕ್ಕೆ 30 ಮಾತ್ರ. ಅಷ್ಟಕ್ಕೇ ಬುನಾದಿ ಕಿತ್ತು ಬಂತು. ಇದನ್ನು ‘ಪ್ರಕೃತಿ ವಿಕೋಪ’ ಎಂದು ಕರೆಯಲು ಅಂಕಿಗಳು ಬಿಡುವುದಿಲ್ಲ.

7. ನಮ್ಮ ಊರುಗಳಿಗೆ ಬೇಕಾದದ್ದು

ಇದನ್ನೆಲ್ಲ ಒಟ್ಟು ಮಾಡಿ ನೋಡಿದರೆ ಅಗ್ಗದ ಕೆಲಸಗಳೇ ಹೆಚ್ಚು ಜೀವ ಉಳಿಸುತ್ತವೆ. ಪ್ರತಿ ಕಂಬದ ಬುಡದಲ್ಲಿ ಎತ್ತರ, ವಿನ್ಯಾಸದ ಗಾಳಿಯ ವೇಗ, ಹೆಚ್ಚುವರಿಯಾಗಿ ಎಷ್ಟು ಚದರ ಮೀಟರ್ ಕಟ್ಟಬಹುದು ಎಂಬ ತಗಡಿನ ಪಟ್ಟಿ ಇರಲಿ. ‘ಸೊನ್ನೆ’ ಎಂದಿದ್ದರೆ ಸೊನ್ನೆಯೇ. ಕಟ್ಟಲೇಬೇಕಾದ ಕಂಬಗಳಿದ್ದರೆ ಅವನ್ನು ಮೊದಲೇ ಆ ಹೊರೆಗೆ ವಿನ್ಯಾಸ ಮಾಡಲಿ. ಕಟ್ಟುವ ದಾರ ಕಂಬಕ್ಕಿಂತ ಮೊದಲು ಹರಿಯುವಂತಿರಲಿ. ತಂತಿಯಿಂದ, ಚೌಕಟ್ಟಿನಿಂದ ಬಿಗಿದ ಫಲಕ ಕಂಬವನ್ನು ಎಳೆದುಕೊಂಡು ಬೀಳುತ್ತದೆ, ದಾರದಿಂದ ಕಟ್ಟಿದ ಬಟ್ಟೆ ಹರಿದು ಹೋಗುತ್ತದೆ. ವರ್ಷಕ್ಕೊಮ್ಮೆ, ಏಪ್ರಿಲ್ ಬರುವ ಮೊದಲು, ಬುಡದ ಬೆಸುಗೆ, ನಟ್ಟು, ತುಕ್ಕು, ಮಣ್ಣಿನ ಸಂದು ಈ ನಾಲ್ಕನ್ನು ನೋಡಿದರೆ ಸಾಕು.

ಪ್ರಶ್ನೋತ್ತರದಿಂದ

*ಕಾಸರಗೋಡಿನ ಒಬ್ಬ ಅಧ್ಯಾಪಕಿ:* ನಮ್ಮಲ್ಲಿ ಎರೆ ಮಣ್ಣಿಲ್ಲ, ಮುರಕಲ್ಲು. ನಮಗೆ ಯಾವ ಚಿಂತೆ ಹೆಚ್ಚು?

ಮೇಡಂ, ನಿಮಗೆ ಉಪ್ಪುಗಾಳಿ ಮತ್ತು ಮಳೆ. ಮೇಲೆ ಸತುವಿನ ಲೇಪ ಚೆನ್ನಾಗಿ ಕಂಡರೂ ನೆಲ ಮತ್ತು ಗಾಳಿ ಸೇರುವ ಒಂದು ಗೇಣಿನ ಜಾಗದಲ್ಲಿ ತುಕ್ಕು ಮೊದಲು ಹಿಡಿಯುತ್ತದೆ. ಮೂರು ಮಿಲಿಮೀಟರ್ ತಗಡಿನಲ್ಲಿ ಒಂದು ಮಿಲಿಮೀಟರ್ ಹೋದರೆ ಕಂಬದ ಬಲದ ಮೂರನೇ ಒಂದು ಭಾಗ ಹೋಯಿತು. ಅದೂ ಮೊಮೆಂಟ್ ಅತಿ ಹೆಚ್ಚಿರುವ ಜಾಗದಲ್ಲೇ. ಬುಡದಲ್ಲಿ ನೀರು ನಿಲ್ಲದ ಹಾಗೆ ಕಾಂಕ್ರೀಟಿಗೆ ಇಳಿಜಾರು ಕೊಡಬೇಕು. ಕಂಬದ ಒಳಗಿನ ನೀರಿಗೂ ಹೊರಹೋಗಲು ದಾರಿ ಇರಬೇಕು.

*ಹೊಸೂರಿನ ಒಬ್ಬ ವಿದ್ಯಾರ್ಥಿ:* ಎಲ್ಲ ಕಂಬಗಳನ್ನೂ 55ರ ಗಾಳಿಗೇ ಮಾಡಿಬಿಟ್ಟರೆ ಆಗಲ್ವಾ?

ಆಗುತ್ತೆ, ಆದರೆ ನಿಮ್ಮೂರಿನ ಸಮೀಪದ 33ಕ್ಕೆ ಹೋಲಿಸಿದರೆ ಹೊರೆ 2.8 ಪಟ್ಟು. ಉಕ್ಕು, ಕಾಂಕ್ರೀಟು ಎರಡೂ ದುಬಾರಿ. ಆ ದುಡ್ಡಿಗೆ ಕಂಬಗಳ ಸಂಖ್ಯೆ ಕಡಿಮೆ ಮಾಡಿದರೆ ರಸ್ತೆ ಕತ್ತಲಾಗುತ್ತದೆ, ಅದರಿಂದಲೂ ಜನ ಸಾಯುತ್ತಾರೆ. ತನ್ನ ಊರಿನ ಗಾಳಿಗೆ ಸರಿಯಾಗಿ ಮಾಡಿ, ಮೇಲೆ ಏನೂ ಕಟ್ಟದೆ, ಬುಡ ನೋಡಿಕೊಂಡರೆ ಸಾಕು. ನಾನು ಮೇಲೆ ಲೆಕ್ಕ ಹಾಕಿದ ಕಂಬವೂ ಫ್ಲೆಕ್ಸ್ ಬರುವ ತನಕ ಗಟ್ಟಿಯಾಗಿಯೇ ಇತ್ತು.